ಮನೆಯಲ್ಲೇ ಗಿಟಾರ್ ಆ್ಯಂಪ್: ಯಾವ ಸ್ಪೀಕರ್, ಯಾವ ಚಿಪ್, ಯಾವ ಟ್ರಾನ್ಸ್‌ಫಾರ್ಮರ್?

ಗಿಟಾರ್ ಆ್ಯಂಪ್ ಕಟ್ಟಬೇಕು ಎಂದು ಹೊರಟವರು ನನ್ನನ್ನು ಮೊದಲು ಕೇಳುವುದು ಒಂದೇ ಪ್ರಶ್ನೆ. "ಎಷ್ಟು ವ್ಯಾಟ್ ಮಾಡಲಿ?" ನಾನು ತಿರುಗಿ ಎರಡು ಪ್ರಶ್ನೆ ಕೇಳುತ್ತೇನೆ. ಎಲ್ಲಿ ನುಡಿಸುತ್ತೀರಿ? ಯಾವ ಸ್ಪೀಕರ್ ಹಾಕುತ್ತೀರಿ? ಇವೆರಡಕ್ಕೆ ಉತ್ತರ ಸಿಕ್ಕರೆ ಚಿಪ್ ಯಾವುದು ಎಂಬುದು ಬಹುಪಾಲು ತೀರ್ಮಾನವಾದಂತೆ. ಹೆಚ್ಚಿನವರು ಇದನ್ನು ಉಲ್ಟಾ ಮಾಡುತ್ತಾರೆ. ಮೊದಲು ಚಿಪ್ ಕೊಳ್ಳುತ್ತಾರೆ, ಆಮೇಲೆ ಮನೆಯಲ್ಲಿ ಬಿದ್ದಿರುವ ಯಾವುದೋ ಸ್ಪೀಕರ್ ಜೋಡಿಸುತ್ತಾರೆ. ಸದ್ದು ಸರಿ ಬರಲಿಲ್ಲ ಎಂದು ಇನ್ನೂ ದೊಡ್ಡ ಚಿಪ್ ಹುಡುಕುತ್ತಾರೆ.

ಇಲ್ಲಿ ಹೇಳುವುದು ವಾಲ್ವ್ (ಹಳೆಯ ಕಾಲದ ಗಾಜಿನ ಕೊಳವೆ) ಇಲ್ಲದ, ಟ್ರಾನ್ಸಿಸ್ಟರ್ ಮತ್ತು ಐಸಿಗಳಿಂದ (ಚಿಪ್ ಅಂದರೂ ಅದೇ) ಮಾಡುವ ಆ್ಯಂಪ್‌ಗಳ ಬಗ್ಗೆ ಮಾತ್ರ. ವಾಲ್ವ್ ಇದ್ದರಷ್ಟೇ ಗಿಟಾರಿಗೆ ಒಳ್ಳೆಯ ಸದ್ದು ಎಂಬ ಮಾತು ನೀವೂ ಕೇಳಿರಬಹುದು. ನಾನು ಅದನ್ನು ಒಪ್ಪುವುದಿಲ್ಲ. ರೋಲ್ಯಾಂಡ್ ಕಂಪನಿಯ ಜೆಸಿ-120 ಬಂದದ್ದು 1975ರಲ್ಲಿ. ಒಳಗೆ ಒಂದೂ ವಾಲ್ವ್ ಇಲ್ಲ. ಅದರ ಶುದ್ಧ ಸದ್ದಿಗಾಗಿ ಇವತ್ತಿಗೂ ಜನ ಅದನ್ನು ಹುಡುಕಿ ನುಡಿಸುತ್ತಾರೆ. ಬಿ.ಬಿ. ಕಿಂಗ್ ಬಳಸುತ್ತಿದ್ದ ಲ್ಯಾಬ್ ಸೀರೀಸ್ ಎಲ್5 ಕೂಡ ಟ್ರಾನ್ಸಿಸ್ಟರ್ ಆ್ಯಂಪೇ. ಮನೆಯಲ್ಲಿ ಕಟ್ಟುವವರಿಗೆ ಇನ್ನೊಂದು ದೊಡ್ಡ ಅನುಕೂಲ ಇದೆ. ವಾಲ್ವ್ ಆ್ಯಂಪ್ ಒಳಗೆ 300, 400 ವೋಲ್ಟ್ ಓಡಾಡುತ್ತಿರುತ್ತದೆ. ನಮ್ಮದರಲ್ಲಿ ಟ್ರಾನ್ಸ್‌ಫಾರ್ಮರ್ ದಾಟಿದ ಮೇಲೆ ಅಂಥ ಅಪಾಯ ಇಲ್ಲ.

ಸ್ಪೀಕರ್ ಮೊದಲು

ಸ್ಪೀಕರ್ ಹಿಂದೆ ಅಥವಾ ಅದರ ವಿವರದ ಹಾಳೆಯಲ್ಲಿ ಸೆನ್ಸಿಟಿವಿಟಿ ಎಂದು ಒಂದು ಅಂಕಿ ಇರುತ್ತದೆ. ಒಂದು ವ್ಯಾಟ್ ಕೊಟ್ಟರೆ ಒಂದು ಮೀಟರ್ ದೂರದಲ್ಲಿ ಎಷ್ಟು ಡೆಸಿಬೆಲ್ ಸದ್ದು ಬರುತ್ತದೆ ಎಂಬ ಲೆಕ್ಕ ಅದು. 12 ಇಂಚಿನ ಗಿಟಾರ್ ಸ್ಪೀಕರಿನಲ್ಲಿ ಇದು 97ರಿಂದ 100ರ ಆಸುಪಾಸು. ಸಾಮಾನ್ಯ ಮನೆ ಸ್ಪೀಕರ್, ಕಾರ್ ಸ್ಪೀಕರ್‌ಗಳಲ್ಲಿ 87, 88, 90. ನೋಡಲು ಹತ್ತರ ವ್ಯತ್ಯಾಸ ಅಷ್ಟೇ, ಅಲ್ವಾ? ಆದರೆ ಡೆಸಿಬೆಲ್ ಲೆಕ್ಕದಲ್ಲಿ ಹತ್ತು ಅಂದರೆ ಹತ್ತು ಪಟ್ಟು ವ್ಯಾಟ್. 98ರ ಸ್ಪೀಕರಿಗೆ ಒಂದು ವ್ಯಾಟ್ ಕೊಟ್ಟು ಪಡೆದ ಸದ್ದನ್ನೇ 88ರ ಸ್ಪೀಕರಿನಿಂದ ಪಡೆಯಲು ಹತ್ತು ವ್ಯಾಟ್ ಬೇಕು.

ಅರ್ಧ ವ್ಯಾಟ್‌ನ ಪುಟ್ಟ ಆ್ಯಂಪನ್ನು 12 ಇಂಚಿನ ಗಿಟಾರ್ ಸ್ಪೀಕರಿಗೆ ಒಮ್ಮೆ ಜೋಡಿಸಿ ನೋಡಿ. ಒಂದು ಮೀಟರಿನಲ್ಲಿ 95 ಡೆಸಿಬೆಲ್ ಬರುತ್ತದೆ. ಪಕ್ಕದ ಮನೆಯವರು ಬಂದು ಬಾಗಿಲು ತಟ್ಟುವಷ್ಟು. ನಾನು ಇದನ್ನು ಮೊದಲ ಸಲ ಕೇಳಿದಾಗ ತಪ್ಪಾಗಿ ದೊಡ್ಡ ಆ್ಯಂಪ್ ಚುಚ್ಚಿದ್ದೇನೆಯೇ ಎಂದು ವೈರ್ ಹಿಡಿದುಕೊಂಡು ನೋಡಿದ್ದೆ.

ಎರಡನೆಯ ವಿಷಯ ಟ್ವೀಟರ್, ಅಂದರೆ ಎತ್ತರದ ಸ್ವರಗಳಿಗಾಗಿಯೇ ಇರುವ ಪುಟ್ಟ ಸ್ಪೀಕರ್. ಗಿಟಾರ್ ಸ್ಪೀಕರ್ ಸುಮಾರು 5 ಕಿಲೋಹರ್ಟ್ಸ್ ದಾಟಿದ ಮೇಲೆ ಸದ್ದು ಇಳಿಸಿಬಿಡುತ್ತದೆ. ಅದು ಕೊರತೆಯಲ್ಲ, ಅದೇ ಬೇಕಾದದ್ದು. ಡಿಸ್ಟಾರ್ಷನ್ (ಬೇಕೆಂದೇ ಒರಟಾಗಿಸಿದ ಸದ್ದು) ಹಾಕಿದಾಗ ಹುಟ್ಟುವ ಕೀರಲು ಅಂಶವನ್ನು ಸ್ಪೀಕರೇ ಸೋಸುತ್ತದೆ. ಹಾಡು ಕೇಳುವ ಸ್ಪೀಕರ್ ಬಾಕ್ಸಿನಲ್ಲಿ ಟ್ವೀಟರ್ ಇರುತ್ತದೆ. ಅದಕ್ಕೆ ಡಿಸ್ಟಾರ್ಷನ್ ಕೊಟ್ಟರೆ ಕಾದ ಎಣ್ಣೆಗೆ ನೀರು ಬಿದ್ದ ಹಾಗೆ ಚರಚರ ಎನ್ನುತ್ತದೆ. ಹಾಗಾಗಿ ಕೈಯಲ್ಲಿರುವ ದುಡ್ಡಿನಲ್ಲಿ ಅರ್ಧಕ್ಕಿಂತ ಜಾಸ್ತಿ ಸ್ಪೀಕರ್ ಮತ್ತು ಪೆಟ್ಟಿಗೆಗೆ ಇಡಿ. ಹೊಸ 12 ಇಂಚು ಕೈಗೆಟುಕದಿದ್ದರೆ 8 ಅಥವಾ 10 ಇಂಚಿನ ಗಿಟಾರ್ ಸ್ಪೀಕರ್ ನೋಡಿ. ಕೆಟ್ಟ ಹಳೆಯ ಗಿಟಾರ್ ಆ್ಯಂಪ್ ಸಿಕ್ಕರಂತೂ ಬಿಡಬೇಡಿ. ಅದರ ಸ್ಪೀಕರ್ ಸಾಮಾನ್ಯವಾಗಿ ಚೆನ್ನಾಗೇ ಇರುತ್ತದೆ. ಪೆಟ್ಟಿಗೆಗೆ 18 ಎಂಎಂ ಪ್ಲೈವುಡ್ ಸಾಕು. ಹಿಂಭಾಗ ಅರ್ಧ ತೆರೆದಿಟ್ಟರೆ ಕೋಣೆ ತುಂಬ ಸದ್ದು ಹರಡುತ್ತದೆ. ಪೂರ್ತಿ ಮುಚ್ಚಿದರೆ ತಗ್ಗಿನ ತಂತಿಗಳು ಬಿಗಿಯಾಗಿ ಕೇಳುತ್ತವೆ. ನನಗೆ ತೆರೆದದ್ದೇ ಇಷ್ಟ.

ಹಾಸಿಗೆ ಪಕ್ಕಕ್ಕೆ: ಎಲ್‌ಎಂ 386

ಎಂಟು ಕಾಲಿನ ಈ ಐಸಿ ಒಂದು ಹೋಟೆಲ್ ಕಾಫಿಯ ಆಸುಪಾಸಿನ ದುಡ್ಡಿಗೆ ಸಿಗುತ್ತದೆ. 9 ವೋಲ್ಟ್ ಬ್ಯಾಟರಿ, ನಾಲ್ಕೈದು ಕೆಪಾಸಿಟರ್, ಒಂದು ಜೀರೋ ಪಿಸಿಬಿ (ತೂತುಗಳಿರುವ ಖಾಲಿ ಬೋರ್ಡ್) ಇದ್ದರೆ ಒಂದು ಮಧ್ಯಾಹ್ನದಲ್ಲಿ ಮುಗಿಯುತ್ತದೆ. 9 ವೋಲ್ಟಿಗೆ, 8 ಓಮ್ ಸ್ಪೀಕರಿಗೆ ಸುಮಾರು ಅರ್ಧ ವ್ಯಾಟ್. 1 ಮತ್ತು 8ನೇ ಕಾಲಿನ ನಡುವೆ ಏನೂ ಇಲ್ಲದಿದ್ದರೆ ಗೇನ್, ಅಂದರೆ ಸಿಗ್ನಲ್ ಏರುವ ಪಟ್ಟು, 20. ಅಲ್ಲಿ 10 ಮೈಕ್ರೋಫ್ಯಾರಡ್ ಕೆಪಾಸಿಟರ್ ಇಟ್ಟರೆ 200. ಅಷ್ಟು ಗೇನ್‌ನಲ್ಲಿ ತಾನಾಗಿಯೇ ಡಿಸ್ಟಾರ್ಷನ್ ಬರುತ್ತದೆ, ಅದು ಕೇಳಲು ಚೆನ್ನಾಗಿಯೂ ಇರುತ್ತದೆ.

ಒಂದು ತೊಂದರೆ ಇದೆ. ಈ ಐಸಿಯ ಇನ್‌ಪುಟ್ 50 ಕಿಲೋಓಮ್ ಮಾತ್ರ. ಗಿಟಾರ್ ಪಿಕಪ್ ಅಂದರೆ ಸಾವಿರಾರು ಸುತ್ತು ತಂತಿ. ಅದಕ್ಕೆ 1 ಮೆಗಾಓಮ್‌ನಂಥ ಹಗುರವಾದ ಹೊರೆ ಬೇಕು. ನೇರವಾಗಿ 386ಕ್ಕೆ ಚುಚ್ಚಿದರೆ ಕಂಬಳಿ ಹೊದಿಸಿದಂತೆ ಸದ್ದು ಮಂಕಾಗುತ್ತದೆ. ಮುಂದೆ ಒಂದು ಜೆಫೆಟ್ (ಒಂದು ಬಗೆಯ ಟ್ರಾನ್ಸಿಸ್ಟರ್) ಬಫರ್, ಅಂದರೆ ಪಿಕಪ್ ಮೇಲೆ ಹೊರೆ ಬೀಳದಂತೆ ನಡುವೆ ನಿಲ್ಲುವ ಹಂತ, ಹಾಕಲೇಬೇಕು. ಹಾಗೆಯೇ 6ನೇ ಕಾಲಿನ ಪಕ್ಕದಲ್ಲೇ 220 ಮೈಕ್ರೋಫ್ಯಾರಡ್, ಔಟ್‌ಪುಟ್‌ನಲ್ಲಿ 10 ಓಮ್ ಜೊತೆ 0.047 ಮೈಕ್ರೋಫ್ಯಾರಡ್ ಇರಲಿ. ಇವೆರಡನ್ನು ಬಿಟ್ಟವರಿಗೇ "ಸುಮ್ನೆ ಕೂಗುತ್ತದೆ" ಎಂಬ ತೊಂದರೆ ಬರುವುದು. ರಾತ್ರಿ ಅಭ್ಯಾಸಕ್ಕೆ, ಮೊದಲ ಸಲ ಸೋಲ್ಡರಿಂಗ್ ಐರನ್ ಹಿಡಿಯುವವರಿಗೆ ಇದಕ್ಕಿಂತ ಒಳ್ಳೆಯದಿಲ್ಲ. ಡ್ರಮ್ಸ್ ಜೊತೆ ಮಾತ್ರ ಬೇಡ.

ಕೋಣೆಯಿಂದ ವೇದಿಕೆಗೆ: ಟಿಡಿಎ 2030ಎ, ಎಲ್‌ಎಂ 1875, ಎಲ್‌ಎಂ 3886

ನಿಜವಾದ ಆಯ್ಕೆ ಇರುವುದು ಇಲ್ಲಿ. ಮೂರೂ ಒಂದೇ ಬಗೆಯ ಪವರ್ ಐಸಿಗಳು. ಸರ್ಕ್ಯೂಟ್ ಕೂಡ ಹೆಚ್ಚುಕಡಿಮೆ ಒಂದೇ. ಇವುಗಳ ನಡುವೆ ತೀರ್ಮಾನ ಮಾಡುವುದು ಟ್ರಾನ್ಸ್‌ಫಾರ್ಮರ್.

12-0-12 (ನಡುವಿನ ವೈರಿನಿಂದ ಎರಡೂ ಕಡೆಗೆ 12 ವೋಲ್ಟ್), 2 ಆಂಪಿಯರ್ ಟ್ರಾನ್ಸ್‌ಫಾರ್ಮರ್ ಎಲ್ಲ ಊರಿನಲ್ಲೂ ಸಿಗುತ್ತದೆ. ಅದರ 12 ವೋಲ್ಟ್ ಎಸಿಯನ್ನು 1.414ರಿಂದ ಗುಣಿಸಿ, ಡಯೋಡಿನ 0.7 ಕಳೆದರೆ ಸುಮಾರು ±16 ವೋಲ್ಟ್ ಡಿಸಿ. ಇದು ಟಿಡಿಎ 2030ಎಗೆ ಹೇಳಿ ಮಾಡಿಸಿದ್ದು. 8 ಓಮ್ ಸ್ಪೀಕರಿಗೆ 8ರಿಂದ 10 ವ್ಯಾಟ್ ಬರುತ್ತದೆ. ಒಳ್ಳೆಯ ಸ್ಪೀಕರ್ ಇದ್ದರೆ ಮನೆಗೆ, ಚಿಕ್ಕ ಹಾಲ್‌ಗೆ, ಗೆಳೆಯರ ಜೊತೆ ಕೂತು ನುಡಿಸಲು ಇದು ಧಾರಾಳ.

18-0-18 ಹಾಕಿದರೆ ±25 ವೋಲ್ಟ್ ಹತ್ತಿರ ಬರುತ್ತದೆ. ಟಿಡಿಎ 2030ಎ ತಾಳುವುದು ±22ರ ತನಕ. ಅಂದರೆ ಅದಕ್ಕೆ 18-0-18 ವಿಷ. ನಾನು ಇದನ್ನು ಕಲಿತದ್ದು ಐಸಿ ಸುಟ್ಟುಕೊಂಡೇ. "ಇದಕ್ಕೆ 18-0-18 ಹಾಕ್ತಾರೆ ಸಾರ್" ಎಂದು ಅಂಗಡಿಯವರೊಬ್ಬರು ಹೇಳಿದರು. ನಾನು ಡೇಟಾಶೀಟ್ (ಐಸಿಯ ವಿವರದ ಹಾಳೆ) ತೆರೆದು ನೋಡಲಿಲ್ಲ. ಸ್ವಿಚ್ ಹಾಕಿದ ಕೂಡಲೇ ಟಪ್ ಎಂದು ಐಸಿಯ ಮುಖ ಸೀಳಿತು. 15-0-15 ಕೂಡ ನೆಚ್ಚಿಕೊಳ್ಳುವಂಥದ್ದಲ್ಲ. ಕಾಗದದ ಮೇಲೆ ಅದು ±20.5. ಆದರೆ ಹೊರೆ ಇಲ್ಲದಾಗ ಟ್ರಾನ್ಸ್‌ಫಾರ್ಮರ್ ಬರೆದದ್ದಕ್ಕಿಂತ ಜಾಸ್ತಿ ವೋಲ್ಟೇಜ್ ಕೊಡುತ್ತದೆ. ರಾತ್ರಿ ಹೊತ್ತು ಲೈನ್ ವೋಲ್ಟೇಜ್ 240, 245ಕ್ಕೆ ಏರಿದರೆ ಮಿತಿ ದಾಟಿಬಿಡುತ್ತದೆ.

18-0-18 ಇದ್ದರೆ ಎಲ್‌ಎಂ 1875 ತೆಗೆದುಕೊಳ್ಳಿ. ಐದೇ ಕಾಲು, ಟಿಡಿಎಯಷ್ಟೇ ಸುಲಭ. ±25 ವೋಲ್ಟಿನಲ್ಲಿ 20 ವ್ಯಾಟ್ ಕೊಡುತ್ತದೆ. ಮನೆಯಲ್ಲಿ ಕಟ್ಟುವ ಗಿಟಾರ್ ಆ್ಯಂಪಿಗೆ ನನ್ನ ಮೊದಲ ಆಯ್ಕೆ ಇದೇ. 98 ಡೆಸಿಬೆಲ್ ಸ್ಪೀಕರಿಗೆ 20 ವ್ಯಾಟ್ ಕೊಟ್ಟರೆ ಒಂದು ಮೀಟರಿನಲ್ಲಿ 111 ಡೆಸಿಬೆಲ್. ಕೈ ತಡೆದು ಬಾರಿಸುವ ಡ್ರಮ್ಮರ್ ಜೊತೆ ಇದು ನಿಲ್ಲುತ್ತದೆ.

ಎಲ್‌ಎಂ 3886 ದೊಡ್ಡಣ್ಣ. ±28 ವೋಲ್ಟ್, 4 ಓಮ್‌ಗೆ 68 ವ್ಯಾಟ್ ಎಂದು ಡೇಟಾಶೀಟ್ ಹೇಳುತ್ತದೆ. ಆದರೆ ಅದೇ 18-0-18ಕ್ಕೆ, 8 ಓಮ್ ಸ್ಪೀಕರಿಗೆ ಇದನ್ನು ಜೋಡಿಸಿದರೆ 25 ವ್ಯಾಟಿನ ಆಸುಪಾಸಿಗೆ ನಿಲ್ಲುತ್ತದೆ. 20 ಮತ್ತು 25ರ ವ್ಯತ್ಯಾಸ ಕಿವಿಗೆ ತಿಳಿಯುವುದೇ ಇಲ್ಲ. 3886 ಕೊಳ್ಳುವುದಾದರೆ ಅದಕ್ಕೆ ತಕ್ಕ ಟ್ರಾನ್ಸ್‌ಫಾರ್ಮರ್, ಅಂಗೈಯಗಲಕ್ಕಿಂತ ದೊಡ್ಡ ಹೀಟ್‌ಸಿಂಕ್ (ಬಿಸಿ ಹೊರಹಾಕುವ ಲೋಹದ ತುಂಡು), 4 ಓಮ್ ಹೊರೆ ಎಲ್ಲವೂ ಬೇಕು. ತೂಕ, ಖರ್ಚು ಎರಡೂ ಏರುತ್ತವೆ. ಬ್ಯಾಂಡಿನಲ್ಲಿ ಶುದ್ಧ ಸದ್ದು ಜೋರಾಗಿ ಬೇಕೇ ಬೇಕು ಎನ್ನುವವರು ಮಾತ್ರ ಇದಕ್ಕೆ ಹೋಗಿ. ಇದರ 8ನೇ ಕಾಲು ಮ್ಯೂಟ್. ಅಲ್ಲಿಂದ ರೆಸಿಸ್ಟರ್ ಮೂಲಕ ಮೈನಸ್ ಸಪ್ಲೈಗೆ ಕರೆಂಟ್ ಹರಿಯದಿದ್ದರೆ ಐಸಿ ಮೌನವಾಗಿ ಕೂರುತ್ತದೆ. ಕೆಟ್ಟಿದೆ ಎಂದು ಬಿಸಾಡಬೇಡಿ.

ಮೂರಕ್ಕೂ ಅನ್ವಯಿಸುವ ಒಂದು ಎಚ್ಚರಿಕೆ: ಐಸಿಯ ಲೋಹದ ಬೆನ್ನು ಮೈನಸ್ ಸಪ್ಲೈಗೆ ಸೇರಿರುತ್ತದೆ. ಹೀಟ್‌ಸಿಂಕ್‌ಗೆ ಕೂರಿಸುವಾಗ ಕರೆಂಟ್ ತಡೆಯುವ ಮೈಕಾ ಹಾಳೆ ಮತ್ತು ಪ್ಲಾಸ್ಟಿಕ್ ಬುಶ್ ಮರೆಯಬೇಡಿ. ಎಲ್‌ಎಂ 3886 ಟಿಎಫ್ ಎಂಬ ಬಗೆಯಲ್ಲಿ ಬೆನ್ನು ಪ್ಲಾಸ್ಟಿಕ್, ಅದಕ್ಕೆ ಮೈಕಾ ಬೇಡ. ಇನ್ನು ನಕಲಿ ಐಸಿಗಳ ಕಾಟ ಈ ಮೂರಕ್ಕೂ ಇದೆ. ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ ಸುತ್ತಿದರೆ ಟ್ರಾನ್ಸ್‌ಫಾರ್ಮರ್, ಹೀಟ್‌ಸಿಂಕ್, ಪಾಟ್, ಜಾಕ್, ಶೀಲ್ಡ್ ವೈರ್ ಎಲ್ಲ ಒಂದೇ ಬೆಳಿಗ್ಗೆಯಲ್ಲಿ ಸಿಗುತ್ತವೆ. ಆದರೆ ಪವರ್ ಐಸಿ ಮಾತ್ರ ಕಂಪನಿಯ ಅಧಿಕೃತ ವಿತರಕರಿಂದಲೇ ತರಿಸುತ್ತೇನೆ. ಬೆಲೆ ಜಾಸ್ತಿಯಾದರೂ ಚಿಂತೆ ಇಲ್ಲ.

ಹಗುರ ಬೇಕೆಂದರೆ ಕ್ಲಾಸ್ ಡಿ

ಕ್ಲಾಸ್ ಡಿ ಅಂದರೆ ಔಟ್‌ಪುಟ್ ಟ್ರಾನ್ಸಿಸ್ಟರ್‌ಗಳನ್ನು ಅತಿವೇಗದ ಸ್ವಿಚ್‌ನಂತೆ ಬಳಸುವ ಬಗೆ. ಟಿಪಿಎ 3116 ಐಸಿ ಇರುವ ರೆಡಿಮೇಡ್ ಬೋರ್ಡ್‌ಗಳು ಈಗ ಎಲ್ಲೆಡೆ ಸಿಗುತ್ತವೆ. ಹಳೆಯ ಲ್ಯಾಪ್‌ಟಾಪಿನ 19 ವೋಲ್ಟ್ ಅಡಾಪ್ಟರ್ ಇದ್ದರೆ 8 ಓಮ್‌ಗೆ 20 ವ್ಯಾಟ್ ಹತ್ತಿರ ಬರುತ್ತದೆ. 90 ಶೇಕಡಾಕ್ಕೂ ಮೀರಿದ ದಕ್ಷತೆ, ಹೀಟ್‌ಸಿಂಕ್ ಪುಟ್ಟದು, ಭಾರದ ಟ್ರಾನ್ಸ್‌ಫಾರ್ಮರ್ ಬೇಡ. 230 ವೋಲ್ಟ್ ವೈರಿಂಗ್ ನೀವು ಮುಟ್ಟುವುದೇ ಇಲ್ಲ. ಮನೆಯಲ್ಲಿ ಮಕ್ಕಳು ಕಟ್ಟುತ್ತಿದ್ದರೆ ನಾನು ಕಣ್ಣು ಮುಚ್ಚಿ ಇದನ್ನೇ ಹೇಳುತ್ತೇನೆ. 12 ವೋಲ್ಟ್ ಬ್ಯಾಟರಿಗೂ ಓಡುತ್ತದೆ. ಕರೆಂಟ್ ಇಲ್ಲದ ಜಾಗದಲ್ಲಿ ನುಡಿಸುವವರಿಗೆ ಬೇರೆ ಒಳ್ಳೆಯ ದಾರಿಯಿಲ್ಲ.

ಇದರಲ್ಲಿ ನೆನಪಿಡಬೇಕಾದದ್ದು: ಸ್ಪೀಕರಿನ ಎರಡೂ ವೈರ್‌ಗಳಲ್ಲಿ ಸಿಗ್ನಲ್ ಇರುತ್ತದೆ. ಮೈನಸ್ ಎಂದು ಬರೆದದ್ದು ಗ್ರೌಂಡ್ ಅಲ್ಲ. ಸ್ಪೀಕರ್ ಜಾಕ್‌ನ ಲೋಹ ಡಬ್ಬಿಗೆ ತಾಗಿದರೆ ಬೋರ್ಡ್ ಶಾರ್ಟ್ ಆಗುತ್ತದೆ. ಪ್ಲಾಸ್ಟಿಕ್ ಜಾಕ್ ಹಾಕಿ. ಇದನ್ನು ಮಿತಿ ಮೀರಿ ಜೋರು ಮಾಡಿದರೆ ಬರುವ ಡಿಸ್ಟಾರ್ಷನ್ ಕಿವಿಗೆ ಚುಚ್ಚುತ್ತದೆ. ಒರಟು ಸದ್ದನ್ನು ಪ್ರಿಆ್ಯಂಪಿನಲ್ಲೇ (ಪವರ್ ಭಾಗಕ್ಕೂ ಮೊದಲಿನ ಹಂತ) ಮಾಡಿಕೊಂಡು, ಪವರ್ ಬೋರ್ಡನ್ನು ಆರಾಮಾಗಿ ಓಡಲು ಬಿಡಿ. ಪ್ರಿಆ್ಯಂಪಿಗೂ ಅದೇ ಅಡಾಪ್ಟರಿನಿಂದ ಸಪ್ಲೈ ಕೊಡುವುದಾದರೆ ನಡುವೆ 100 ಓಮ್, 470 ಮೈಕ್ರೋಫ್ಯಾರಡ್ ಸೋಸುವಿಕೆ ಇರಲಿ. ಇಲ್ಲದಿದ್ದರೆ ಅಡಾಪ್ಟರಿನ ಸಿಳ್ಳು ಗಿಟಾರಿನಲ್ಲಿ ಕೇಳುತ್ತದೆ. ಇನ್ನೊಂದು, ಕೆಟ್ಟರೆ ರಿಪೇರಿ ಕಷ್ಟ. ಅಕ್ಕಿಕಾಳಿಗಿಂತ ಚಿಕ್ಕ ಬಿಡಿಭಾಗಗಳು. ಬೋರ್ಡನ್ನೇ ಬದಲಿಸಬೇಕು.

2ಎನ್ 3055 ಟ್ರಾನ್ಸಿಸ್ಟರ್ ಜೋಡಿಸಿ ಹಳೆಯ ರೀತಿಯಲ್ಲಿ ಬಿಡಿಬಿಡಿಯಾಗಿ ಕಟ್ಟುವ ಆಸೆ ಕೆಲವರಿಗೆ ಇರುತ್ತದೆ. ಕಲಿಯಲು ಬಹಳ ಒಳ್ಳೆಯದು. ಬಯಾಸ್ ಏನು, ಬಿಸಿಯಾದಂತೆ ಕರೆಂಟ್ ಹೇಗೆ ಏರುತ್ತದೆ ಎಲ್ಲ ಕೈಗೆ ತಿಳಿಯುತ್ತದೆ. ಆದರೆ ಐಸಿಯಲ್ಲಿರುವ ಶಾರ್ಟ್ ರಕ್ಷಣೆ, ಬಿಸಿಯ ರಕ್ಷಣೆ ಇಲ್ಲಿ ಇಲ್ಲ. ಎರಡನೆಯ ಆ್ಯಂಪ್ ಆಗಿ ಕಟ್ಟಿ.

ಪ್ರಿಆ್ಯಂಪ್: ಬಿಎಫ್‌ಡಬ್ಲ್ಯು 10 ಅಥವಾ ಟಿಎಲ್ 072

ಹೊರದೇಶದ ಸರ್ಕ್ಯೂಟ್‌ಗಳಲ್ಲಿ ಜೆ 201 ಎಂಬ ಜೆಫೆಟ್ ಬರೆದಿರುತ್ತಾರೆ. ಕಾಲಿರುವ ಬಗೆಯ ಜೆ 201 ಈಗ ಸುಲಭವಾಗಿ ಸಿಗುವುದಿಲ್ಲ. ಜೆ 201 ಎಂದು ಮಾರುವುದರಲ್ಲಿ ನಕಲಿಯೇ ಹೆಚ್ಚು. ನಮ್ಮ ಎಂಜಿನಿಯರಿಂಗ್ ಕಾಲೇಜುಗಳ ಲ್ಯಾಬ್‌ಗಳಲ್ಲಿ ಎಲ್ಲರೂ ನೋಡಿರುವ ಜೆಫೆಟ್ ಬಿಎಫ್‌ಡಬ್ಲ್ಯು 10. ಬಫರ್ ಆಗಿ ಅದು ಚೆನ್ನಾಗಿ ಕೆಲಸ ಮಾಡುತ್ತದೆ. 386ರ ಮುಂದೆ ಕೂರಿಸಲು ಸಾಕು. ನಾಲ್ಕನೆಯ ಕಾಲು ಅದರ ಲೋಹದ ಟೋಪಿಗೆ ಸೇರಿದ್ದು, ಗ್ರೌಂಡ್ ಮಾಡಿ. ಆದರೆ ಇದರ ಪಿಂಚ್-ಆಫ್ ವೋಲ್ಟೇಜ್ (ಜೆಫೆಟ್ ಪೂರ್ತಿ ಬಂದ್ ಆಗುವ ವೋಲ್ಟೇಜ್) 8 ವೋಲ್ಟ್ ತನಕ ಇರಬಹುದು. 9 ವೋಲ್ಟ್ ಬ್ಯಾಟರಿಯಲ್ಲಿ ಇದರಿಂದ ಗೇನ್ ತೆಗೆಯಲು ಹೋದರೆ ಜಾಗವೇ ಉಳಿಯುವುದಿಲ್ಲ. ಜೆ 201 ಇದ್ದ ಜಾಗಕ್ಕೆ ಇದನ್ನು ಹಾಗೇ ಹಾಕಿ ಕೆಲಸ ಮಾಡಲಿಲ್ಲ ಎಂದು ಬೇಸರಪಟ್ಟವರು ತುಂಬ ಜನ.

ಗೇನ್ ಬೇಕಾದಲ್ಲಿ ಟಿಎಲ್ 072 ಹಾಕಿ. ಒಂದೇ ಐಸಿಯಲ್ಲಿ ಎರಡು ಆಪ್-ಆ್ಯಂಪ್, ಅಂದರೆ ಸಿಗ್ನಲ್ ಏರಿಸುವ ಎರಡು ಸಿದ್ಧ ಘಟಕ. ಒಳಗೆ ಜೆಫೆಟ್ ಇರುವುದರಿಂದ 1 ಮೆಗಾಓಮ್ ಇನ್‌ಪುಟ್ ಸಲೀಸು. ಮೊದಲರ್ಧ ಹತ್ತು ಪಟ್ಟು ಏರಿಸಲಿ, ನಡುವೆ ಟೋನ್ ಕಂಟ್ರೋಲ್, ಆಮೇಲೆ ಉಳಿದರ್ಧ. ಒರಟು ಸದ್ದು ಬೇಕಿದ್ದರೆ ಎರಡು ಡಯೋಡ್ ಎದುರುಬದುರಾಗಿ ಹಾಕಿ. 1ಎನ್ 4148 ಹಾಕಿದರೆ 0.6 ವೋಲ್ಟಿಗೇ ಕತ್ತರಿಸುತ್ತದೆ. ಕೆಂಪು ಎಲ್‌ಇಡಿ 1.7ರ ಹತ್ತಿರ ಕತ್ತರಿಸುತ್ತದೆ, ಸದ್ದು ಇನ್ನಷ್ಟು ತೆರೆದಂತೆ ಕೇಳುತ್ತದೆ. ನನ್ನ ಕಿವಿಗೆ ಎಲ್‌ಇಡಿಯೇ ಹಿತ.

ಟೋನ್ ವಿಷಯದಲ್ಲಿ ಒಂದು ಮಾತು. ಅಂಗಡಿಯಲ್ಲಿ ಸಿಗುವ ಬಾಸ್-ಟ್ರೆಬಲ್ ಬೋರ್ಡ್ ಹಾಡು ಕೇಳಲು ಮಾಡಿದ್ದು. ಗಿಟಾರಿನ ಅತಿ ತಗ್ಗಿನ ತಂತಿ 82 ಹರ್ಟ್ಸ್. ಆ ಬೋರ್ಡು ಅದಕ್ಕೂ ಕೆಳಗಿನದನ್ನು ಏರಿಸುತ್ತಾ ಕೂರುತ್ತದೆ. ಪಿಕಪ್‌ನ ಸದ್ದು ಹಾಗೇ ಚಪ್ಪಟೆಯಾಗಿ ಬಂದರೆ ಮೂಗಿನಲ್ಲಿ ಹಾಡಿದಂತೆ ಇರುತ್ತದೆ. ಫೆಂಡರ್ ಆ್ಯಂಪ್‌ಗಳಲ್ಲಿ ಇರುವಂಥ ಟೋನ್ ಸರ್ಕ್ಯೂಟ್ ನಡುವಿನ ಸದ್ದನ್ನು ತಗ್ಗಿಸಿ ಎರಡು ತುದಿಗಳನ್ನು ಮೇಲೆತ್ತುತ್ತದೆ. ನಾವು "ಗಿಟಾರ್ ಸದ್ದು" ಎಂದು ಗುರುತಿಸುವುದು ಅದನ್ನೇ. ಸಿಗ್ನಲ್ ಬಹಳ ತಗ್ಗುತ್ತದೆ, ಅದಕ್ಕೇ ಟಿಎಲ್ 072ರ ಉಳಿದರ್ಧ.

ಒಂದು ರೆಸಿಸ್ಟರಿನ ಕೆಲಸ

ಟ್ರಾನ್ಸಿಸ್ಟರ್ ಆ್ಯಂಪ್ ಒಣಒಣ ಎನಿಸಲು ಮುಖ್ಯ ಕಾರಣ ಒಂದಿದೆ. ಸ್ಪೀಕರ್ ಮೇಲೆ 8 ಓಮ್ ಎಂದು ಬರೆದಿದ್ದರೂ ಅದು ಎಲ್ಲ ಸ್ವರಕ್ಕೂ 8 ಅಲ್ಲ. ತಗ್ಗಿನಲ್ಲಿ, ಕೋನ್ ತಾನಾಗಿ ಅನುರಣಿಸುವ ಜಾಗದಲ್ಲಿ, ಅದು ಹಲವು ಪಟ್ಟು ಏರುತ್ತದೆ. ಮೇಲಿನ ಸ್ವರಗಳಿಗೂ ಏರುತ್ತದೆ. ವಾಲ್ವ್ ಆ್ಯಂಪ್ ಆ ಏರಿಳಿತಕ್ಕೆ ತಕ್ಕಂತೆ ಬಾಗುತ್ತದೆ. ತಗ್ಗು ಗುಮ್ಮೆನ್ನುತ್ತದೆ, ಮೇಲು ಹೊಳೆಯುತ್ತದೆ. ನಮ್ಮ ಐಸಿ ಸ್ಪೀಕರನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತದೆ.

ಹಿಡಿತ ಸಡಿಲಿಸಲು ಸ್ಪೀಕರಿನ ಮೈನಸ್ ಮತ್ತು ಗ್ರೌಂಡ್ ನಡುವೆ 0.22 ಓಮ್, 5 ವ್ಯಾಟಿನ ಬಿಳಿ ಸಿಮೆಂಟ್ ರೆಸಿಸ್ಟರ್ ಹಾಕಿ. ಫೀಡ್‌ಬ್ಯಾಕ್‌ನಲ್ಲಿ (ಔಟ್‌ಪುಟ್‌ನ ಒಂದು ಪಾಲನ್ನು ಇನ್‌ಪುಟ್‌ಗೆ ಮರಳಿಸುವ ದಾರಿಯಲ್ಲಿ) 22 ಕಿಲೋಓಮ್ ಮತ್ತು 680 ಓಮ್ ಇವೆ ಎಂದುಕೊಳ್ಳಿ. ಆ 680ರ ಗ್ರೌಂಡ್ ಕಡೆಯ ತುದಿಯನ್ನು, ಅದರ ಕೆಪಾಸಿಟರ್ ಸಮೇತ, ಗ್ರೌಂಡಿನ ಬದಲು ಸ್ಪೀಕರ್ ಮೈನಸ್‌ಗೆ ಸೇರಿಸಿ. ಗೇನ್ ಸುಮಾರು 33. ಅದನ್ನು 0.22ರಿಂದ ಗುಣಿಸಿದರೆ 7 ಓಮ್ ದಾಟುತ್ತದೆ. ಸ್ಪೀಕರ್ ಈಗ ಕಾಣುವ ಔಟ್‌ಪುಟ್ ಇಂಪೀಡೆನ್ಸ್ (ಎಸಿಗೆ ಒಡ್ಡುವ ತಡೆ) ಅಷ್ಟು. ಸದ್ದು ಸ್ವಲ್ಪ ತಗ್ಗುತ್ತದೆ, ಪ್ರಿಆ್ಯಂಪಿನಲ್ಲಿ ಏರಿಸಿಕೊಳ್ಳಿ. ಬದಲಾವಣೆ ಮೊದಲ ಮೀಟಿನಲ್ಲೇ ಗೊತ್ತಾಗುತ್ತದೆ. ಅತಿಯಾಯಿತು ಅನ್ನಿಸಿದರೆ 0.1 ಓಮ್ ಹಾಕಿ. ಇಲ್ಲೂ ಸ್ಪೀಕರ್ ಜಾಕ್ ಡಬ್ಬಿಗೆ ತಾಗಬಾರದು. 1875, 3886 ಇಷ್ಟವಾಗಲು ನನಗೆ ಇದೇ ದೊಡ್ಡ ಕಾರಣ. ರೆಡಿಮೇಡ್ ಕ್ಲಾಸ್ ಡಿ ಬೋರ್ಡಿನಲ್ಲಿ ಇದನ್ನು ಸುಲಭವಾಗಿ ಮಾಡಲಾಗದು.

ಸ್ವಿಚ್ ಹಾಕುವ ಮೊದಲು

ಗಿಟಾರಿನ ತಂತಿಗಳು ಆ್ಯಂಪಿನ ಗ್ರೌಂಡಿಗೆ ಸೇರಿರುತ್ತವೆ. ಅಂದರೆ ನುಡಿಸುವವರ ಕೈ ಸದಾ ಆ ಗ್ರೌಂಡಿನ ಮೇಲೆ. 1972ರಲ್ಲಿ ಇಂಗ್ಲೆಂಡಿನ ಪಕ್ಕದ ವೇಲ್ಸ್‌ನ ಸ್ವಾನ್ಸಿ ಊರಿನಲ್ಲಿ ಲೆಸ್ಲಿ ಹಾರ್ವಿ ಎಂಬ ಗಿಟಾರ್ ವಾದಕ ವೇದಿಕೆಯಲ್ಲೇ ಶಾಕ್ ಹೊಡೆದು ತೀರಿಕೊಂಡರು. ಸರಿಯಾಗಿ ಅರ್ತ್ ಆಗದ ಮೈಕನ್ನು ಮುಟ್ಟಿದ್ದರು. ಆದ್ದರಿಂದ ಟ್ರಾನ್ಸ್‌ಫಾರ್ಮರ್ ಆ್ಯಂಪಿಗೆ ಮೂರು ಪಿನ್ನಿನ ಪ್ಲಗ್ಗೇ ಇರಲಿ. ಹಸಿರು ವೈರ್ ಲೋಹದ ಡಬ್ಬಿಗೆ ನಟ್ಟು ಬೋಲ್ಟಿನಿಂದ ಬಿಗಿಯಾಗಿರಲಿ. ಫೇಸ್ ವೈರಿನಲ್ಲಿ ಫ್ಯೂಸ್ ಮತ್ತು ಸ್ವಿಚ್ ಇರಲಿ. ಹಮ್ (ಗುಂಯ್ ಎಂಬ ಸದ್ದು) ಬರುತ್ತದೆ ಎಂದು ಅರ್ತ್ ಪಿನ್ ಕಿತ್ತುಹಾಕುವವರನ್ನು ನೋಡಿದ್ದೇನೆ. ದಯವಿಟ್ಟು ಹಾಗೆ ಮಾಡಬೇಡಿ. ಹಮ್‌ಗೆ ಬೇರೆ ಮದ್ದು ಇದೆ: ಟ್ರಾನ್ಸ್‌ಫಾರ್ಮರನ್ನು ಪ್ರಿಆ್ಯಂಪಿನಿಂದ ದೂರದ ಮೂಲೆಗೆ ಇಡಿ, ಎಲ್ಲ ಗ್ರೌಂಡ್ ವೈರ್‌ಗಳನ್ನು ದೊಡ್ಡ ಕೆಪಾಸಿಟರ್‌ಗಳು ಸೇರುವ ಒಂದೇ ಬಿಂದುವಿಗೆ ತನ್ನಿ, ಇನ್‌ಪುಟ್‌ಗೆ ಶೀಲ್ಡ್ ವೈರ್ ಬಳಸಿ.

ಮೊದಲ ಸಲ ಕರೆಂಟ್ ಕೊಡುವಾಗ ಸೀರೀಸ್ ಬೋರ್ಡ್ ಬಳಸಿ. ರೇಡಿಯೋ, ಟಿವಿ ರಿಪೇರಿ ಅಂಗಡಿಗಳಲ್ಲಿ ಇದು ಇದ್ದೇ ಇರುತ್ತದೆ. ಅದರಲ್ಲಿ 60 ವ್ಯಾಟಿನ ಹಳೆಯ ತಂತಿ ಬಲ್ಬು ಆ್ಯಂಪಿನ ಜೊತೆ ಸರಣಿಯಲ್ಲಿ ಇರುತ್ತದೆ. ಎಲ್‌ಇಡಿ ಬಲ್ಬು ನಡೆಯುವುದಿಲ್ಲ. ಸ್ವಿಚ್ ಹಾಕಿದಾಗ ಬಲ್ಬು ಒಮ್ಮೆ ಮಿಂಚಿ ಮಂಕಾದರೆ ಕೆಪಾಸಿಟರ್‌ಗಳು ತುಂಬಿಕೊಂಡವು ಎಂದರ್ಥ. ಪೂರ್ತಿ ಉರಿಯುತ್ತಲೇ ಇದ್ದರೆ ಎಲ್ಲೋ ಶಾರ್ಟ್ ಇದೆ. ಕೂಡಲೇ ಆರಿಸಿ, ಮೈಕಾ ಮೊದಲು ನೋಡಿ.

ಬಲ್ಬು ಮಂಕಾಯಿತೇ? ಸ್ಪೀಕರ್ ಇನ್ನೂ ಜೋಡಿಸಬೇಡಿ. ಮಲ್ಟಿಮೀಟರನ್ನು ಡಿಸಿಗೆ ತಿರುಗಿಸಿ ಔಟ್‌ಪುಟ್ ಅಳೆಯಿರಿ. ಪ್ಲಸ್-ಮೈನಸ್ ಸಪ್ಲೈ ಇರುವ ಆ್ಯಂಪಿನಲ್ಲಿ ಹತ್ತಿಪ್ಪತ್ತು ಮಿಲಿವೋಲ್ಟ್ ಬಂದರೆ ಸರಿ. ಅರ್ಧ ವೋಲ್ಟ್ ದಾಟಿದರೆ ಸರಿಯಿಲ್ಲ, ಫೀಡ್‌ಬ್ಯಾಕ್ ವೈರ್ ಮತ್ತೆ ನೋಡಿ. ಅಂಕಿ ಸರಿ ಬಂದ ಮೇಲೆ ವಾಲ್ಯೂಮ್ ಸೊನ್ನೆಗಿಳಿಸಿ, ಸ್ಪೀಕರ್ ಸೇರಿಸಿ, ಆಮೇಲೆ ಗಿಟಾರ್ ಚುಚ್ಚಿ.